ಮುಂಗುಸಿಯನ್ನು ನೋಡಿಕೊಂಡವರು

ಕಾದ ಕಬ್ಬಿಣದ ಅಚ್ಚಿನ ನಡುವೆ ನೀರಾದ ಗೋಧಿಹಿಟ್ಟು ಬೇಯುವಾಗ ಒಂದು ವಾಸನೆ ಬರುತ್ತದೆ. ಅದು ದೋಸೆಯದ್ದಲ್ಲ, ರೊಟ್ಟಿಯದ್ದೂ ಅಲ್ಲ. ಆಗಷ್ಟೇ ಇಸ್ತ್ರಿ ಹಾಕಿದ ಬಟ್ಟೆಗೂ ಬಿಸ್ಕತ್ತಿಗೂ ನಡುವಿನ ವಾಸನೆ. ಶಿರ್ವದ ಹತ್ತಿರದ ಕಾನ್ವೆಂಟಿನಲ್ಲಿ ಪ್ರತಿ ಗುರುವಾರ ಸಿಸ್ಟರುಗಳು ಒಸ್ತಿ ಸುಡುತ್ತಿದ್ದರು. ಇಗರ್ಜಿಯ ಪೂಜೆಯಲ್ಲಿ ಪಾದ್ರಿ ನಾಲಿಗೆಯ ಮೇಲಿಡುವ ತೆಳ್ಳನೆಯ ಬಿಳಿ ಬಿಲ್ಲೆ ಅದು. ದುಂಡಗೆ ಕತ್ತರಿಸಿ ಉಳಿದ ಚೂರುಗಳನ್ನು ಒಂದು ಅಗಲದ ಡಬ್ಬಿಯಲ್ಲಿ ಹಾಕಿ ಕಿಟಕಿಯ ಬಳಿ ಇಡುತ್ತಿದ್ದರು. ಎಂಟು ವರ್ಷದ ಜೂಲಿಯಾನಾ ಸರಳುಗಳ ನಡುವೆ ಕೈ ತೂರಿಸಿ ಒಂದು ಮುಷ್ಟಿ ಕದ್ದು, ಹಲಸಿನ ಮರದ ಹಿಂದೆ ನಿಂತು ತಿನ್ನುತ್ತಿದ್ದಳು. ಕೇಳಿದ್ದರೆ ಕೊಡುತ್ತಿದ್ದರು. ಆದರೆ ಕೇಳಿ ತಿಂದದ್ದಕ್ಕೆ ಆ ರುಚಿ ಎಲ್ಲಿಂದ ಬರಬೇಕು? ವಾರ ವಾರವೂ ಡಬ್ಬಿ ಕಿಟಕಿಗೆ ಇನ್ನಷ್ಟು ಹತ್ತಿರ ಬರುತ್ತಿತ್ತು ಎಂಬುದು ಅವಳಿಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಒಸ್ತಿ ಸುಡುತ್ತಿದ್ದ ಸಿಸ್ಟರ್ ಬಿಬಿಯಾನಾ ತೀರಿಕೊಂಡಿದ್ದರು.

ಜೂಲಿಯಾನಾಳ ಕಳ್ಳತನದ ಬದುಕು ಅಲ್ಲಿಗೇ ಮುಗಿಯಿತು. ಆಮೇಲಿನದೆಲ್ಲ ಒಳ್ಳೆಯತನವೇ. ನರ್ಸಿಂಗ್ ಓದಿದಳು, ಮಂಗಳೂರಿನಲ್ಲಿ ಮೂರು ವರ್ಷ ದುಡಿದಳು, ಕುವೈತಿಗೆ ಬಂದು ಜಾಬ್ರಿಯಾದ ಒಂದು ಆಸ್ಪತ್ರೆಯ ಮೂಳೆ ವಾರ್ಡು ಸೇರಿ ಹದಿನೇಳು ವರ್ಷವಾಗಿತ್ತು. ತಮ್ಮಂದಿರ ಮದುವೆ ಮಾಡಿಸಿದಳು, ತನ್ನದು ಮಾತ್ರ ಯಾಕೋ ಆಗಲಿಲ್ಲ. ಅದರ ಬಗ್ಗೆ ಅವಳು ಹೆಚ್ಚು ತಲೆ ಕೆಡಿಸಿಕೊಂಡವಳೂ ಅಲ್ಲ. ನಲವತ್ತೈದು ದಾಟಿದ ಅವಳನ್ನು ಕಂಡವರೆಲ್ಲ ಮೊದಲು ಹೇಳುತ್ತಿದ್ದ ಮಾತು ಒಂದೇ: "ಸಿಸ್ಟರ್, ಸ್ವಲ್ಪ ಇದನ್ನು ನೋಡ್ತೀರಾ?" ಬಸ್ಸಿನಲ್ಲಿ, ಇಗರ್ಜಿಯ ಅಂಗಳದಲ್ಲಿ, ಮದುವೆಯ ಊಟದ ಸಾಲಿನಲ್ಲಿ ಯಾರಾದರೂ ಒಬ್ಬರು ಮೊಣಕೈಯನ್ನೋ ಬೆರಳನ್ನೋ ಅವಳ ಮುಂದೆ ಚಾಚುತ್ತಿದ್ದರು. ಅವಳೂ ನೋಡುತ್ತಿದ್ದಳು.

ಹೀಗಿರುವಾಗ ವಾರ್ಡಿಗೆ ಹೆಸ್ಸಾ ಬಂದಳು. ಕುವೈತಿ ಹುಡುಗಿ, ಇಂಜಿನಿಯರಿಂಗ್ ಓದುತ್ತಿದ್ದವಳು, ಕಾಲು ಎರಡು ಕಡೆ ಮುರಿದಿತ್ತು. ಕಾಲಿಗಿಂತ ಅವಳಿಗೆ ಬೇಸರದ ಕಾಟವೇ ಹೆಚ್ಚು. ಮೂರನೆಯ ದಿನ ಊಟದ ಟ್ರೇ ಇಡುವ ಮೇಜಿನ ಮೇಲೆ ಹಸಿರು ಬಣ್ಣದ ಒಂದು ದಾಳ ಉರುಳಿಸಿದಳು. ಅದಕ್ಕೆ ಆರಲ್ಲ, ಇಪ್ಪತ್ತು ಮುಖ.

"ಸಿಸ್ಟರ್, ಇದೊಂದು ಆಟ. ಒಬ್ಬರು ಕತೆ ನಡೆಸ್ತಾರೆ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ. ನಿಮ್ಮ ಪಾತ್ರ ಏನು ಮಾಡಬೇಕು ಅಂತ ನೀವು ಹೇಳೋದು, ಅದು ಆಗುತ್ತೋ ಇಲ್ಲವೋ ಅಂತ ದಾಳ ಹೇಳುತ್ತೆ. ಯಲ್ಲಾ, ಬೇಗ ಹೇಳಿ, ನೀವು ಏನಾಗ್ತೀರಿ?"

ಜೂಲಿಯಾನಾ ಒಂದು ಕೈಯಲ್ಲಿ ಥರ್ಮಾಮೀಟರ್ ಹಿಡಿದಿದ್ದಳು. ಯೋಚನೆಯನ್ನೇ ಮಾಡಲಿಲ್ಲ.

"ಕಳ್ಳಿ," ಎಂದಳು.

ಹೀಗೆ ಮುಂಗುಸಿ ಹುಟ್ಟಿದಳು. ಇಪ್ಪತ್ತೆರಡು ವರ್ಷ, ಸಣ್ಣ ಮೈ, ಉದ್ದ ಬೆರಳು. ಯಾವ ಬೀಗವೂ ಅವಳಿಗೆ ಬೀಗವಲ್ಲ, ಯಾವ ಗೋಡೆಯೂ ಗೋಡೆಯಲ್ಲ. ಎಂಟು ದಿನ, ಚಹಾದ ಹತ್ತು ನಿಮಿಷಗಳಲ್ಲಿ, ಮುಂಗುಸಿ ಒಬ್ಬ ಸುಲ್ತಾನನ ಉಂಗುರವನ್ನೂ ಒಬ್ಬ ಮಾಂತ್ರಿಕನ ಎಡಗಾಲಿನ ಚಪ್ಪಲಿಯನ್ನೂ ಕದ್ದಳು. ಜೂಲಿಯಾನಾ ನಗುತ್ತಾ ಕಾರಿಡಾರಿನಲ್ಲಿ ನಡೆಯುವುದನ್ನು ಕಂಡು ಅವಳ ಜೊತೆ ಕೆಲಸ ಮಾಡುವ, ಒಂದೇ ಫ್ಲಾಟಿನಲ್ಲಿ ಇರುವ ವೈಲೆಟ್, "ಎಂತ ಮಾರಾಯ್ತಿ, ಲಾಟರಿ ಹೊಡೆಯಿತಾ?" ಎಂದು ಕೇಳಿದಳು.

ಮನೆಗೆ ಹೋಗುವ ದಿನ ಹೆಸ್ಸಾ ಗಾಲಿಕುರ್ಚಿಯಲ್ಲಿ ಕುಳಿತು ಆ ದಾಳವನ್ನು ಜೂಲಿಯಾನಾಳ ಅಂಗೈಗೆ ಒತ್ತಿದಳು. "ಖಲಾಸ್ ಅಂದ್ಕೋಬೇಡಿ ಸಿಸ್ಟರ್. ಒಂದು ಗುಂಪು ಹುಡುಕಿಕೊಳ್ಳಿ."

ಗುಂಪು ಹುಡುಕುವುದು ಕಷ್ಟವಾಗಲಿಲ್ಲ. ಒಳ್ಳೆಯ ಗುಂಪು ಸಿಗುವುದು ಬೇರೆಯೇ ವಿಷಯ ಎಂದು ಗೊತ್ತಾಗಲು ಅವಳಿಗೆ ಒಂದೂವರೆ ವರ್ಷ ಹಿಡಿಯಿತು.

ಮೊದಲನೆಯದು ಸಾಲ್ಮಿಯಾದಲ್ಲಿ, ಸಮುದ್ರ ಕಾಣುವ ಫ್ಲಾಟಿನಲ್ಲಿ. ಕತೆ ನಡೆಸುವವನು ರಾನ್ಸನ್, ಬೆಳ್ಮಣ್ಣಿನ ಕಡೆಯವನು, ಇಗರ್ಜಿಯಲ್ಲಿ ಪರಿಚಯ. ವಾರದ ರಜೆಯಾದ ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಮಧ್ಯಾಹ್ನ ಎಲ್ಲರೂ ಕೂಡುತ್ತಿದ್ದರು. ಜೂಲಿಯಾನಾ ಕುಳಿತುಕೊಳ್ಳುವ ಮೊದಲೇ ರಾನ್ಸನ್ ಕೈ ತಟ್ಟಿದ. ಅಕ್ಕ ಎನ್ನುವುದಕ್ಕೆ ಅವನದು ಕೊಂಕಣಿಯ 'ಬಾಯ್'.

"ಬಾಯ್, ನೀವು ಬಂದದ್ದು ದೇವರೇ ಕಳಿಸಿದ ಹಾಗೆ. ನಮಗೆ ಗಾಯ ವಾಸಿ ಮಾಡುವವರು ಯಾರೂ ಇಲ್ಲ. ನೀವು ನರ್ಸು. ಇನ್ನೆಂತ ಬೇಕು?"

"ನನಗೆ ಕಳ್ಳಿ ಆಗಬೇಕಿತ್ತು ರಾನ್ಸನ್."

"ಕಳ್ಳ ನಮ್ಮ ಬ್ರಯಾನ್ ಆಗಿದ್ದಾನಲ್ಲ. ಒಂದು ಗುಂಪಿಗೆ ಎಷ್ಟು ಕಳ್ಳರು ಮಾರಾಯ್ರೆ!"

ಎಂಟು ಶುಕ್ರವಾರ ಜೂಲಿಯಾನಾ ಗಾಯಕ್ಕೆ ಪಟ್ಟಿ ಕಟ್ಟಿದಳು. ಅವಳು ಇದ್ದಾಳೆಂಬ ಧೈರ್ಯಕ್ಕೆ ಎಲ್ಲರೂ ಬೇಕೆಂದೇ ಬೆಂಕಿಗೆ ಹಾರುತ್ತಿದ್ದರು, ರಾಕ್ಷಸನ ಮೂಗು ಹಿಂಡುತ್ತಿದ್ದರು. ಆಟದ ಗಾಯ ಮುಗಿದ ಮೇಲೆ ನಿಜದ ಗಾಯಗಳ ಸರದಿ. ಬ್ರಯಾನ್ ತನ್ನ ರಕ್ತ ಪರೀಕ್ಷೆಯ ಕಾಗದ ತರುತ್ತಿದ್ದ. ಇನ್ನೊಬ್ಬ ಅಂಗಿ ಎತ್ತಿ ಬೆನ್ನು ತೋರಿಸುತ್ತಿದ್ದ. ಒಂದು ಶುಕ್ರವಾರ ಅವಳು ಇಂಜೆಕ್ಷನ್ ಕೊಟ್ಟು ಕೂಡ ಬಂದಳು. ಅವತ್ತು ಲಿಫ್ಟಿನಲ್ಲಿ ಕೆಳಗಿಳಿಯುವಾಗ, ಇದಕ್ಕಿಂತ ಓವರ್‌ಟೈಮ್ ಮಾಡಬಹುದಿತ್ತು ಅನ್ನಿಸಿತು. ಬಿಟ್ಟಳು. ಎರಡು ದಿನದ ಮೇಲೆ ರಾನ್ಸನ್ನನ ಮೆಸೇಜು ಬಂತು: ಬಾಯ್, ನಿಮ್ಮ ಆಸ್ಪತ್ರೆಯಲ್ಲಿ ಬೇರೆ ಯಾರಾದರೂ ನರ್ಸ್ ಇದ್ದಾರಾ?

ಎರಡನೆಯದು ನೊರ್ಬರ್ಟ್ ಎಂಬವರ ಮನೆಯಲ್ಲಿ. ನೊರ್ಬರ್ಟ್ ಬಹಳ ಸಜ್ಜನರು, ಬಾಗಿಲಲ್ಲಿ ಚಪ್ಪಲಿ ಕೂಡ ಅವರೇ ಸರಿಯಾಗಿ ಜೋಡಿಸಿಡುತ್ತಿದ್ದರು. ಅವರು ಕಳ್ಳಿಯಾಗಲು ಬಿಟ್ಟರು. ಆದರೆ ತಮ್ಮ ರಾಜ್ಯದ ಚರಿತ್ರೆಯನ್ನು ಎಂಬತ್ತೇಳು ಪುಟ ಬರೆದಿದ್ದರು, ಅದನ್ನು ಓದಿದರು. ಮೊದಲ ಶುಕ್ರವಾರ ಮುಂಗುಸಿ ನಗರದ ಹೆಬ್ಬಾಗಿಲಲ್ಲಿ ನಿಂತಳು. ಎರಡನೆಯ ಶುಕ್ರವಾರವೂ ಅಲ್ಲೇ ನಿಂತಿದ್ದಳು, ರಾಜನ ಮುತ್ತಜ್ಜನ ಪಟ್ಟಾಭಿಷೇಕ ನಡೆಯುತ್ತಿತ್ತು. ಮೂರನೆಯ ಶುಕ್ರವಾರ ಜೂಲಿಯಾನಾ ಕೈ ಎತ್ತಿ, "ನಾನು ಗೋಡೆ ಹತ್ತುತ್ತೇನೆ," ಎಂದಳು.

ನೊರ್ಬರ್ಟ್ ಕನ್ನಡಕ ತೆಗೆದು, ನೋವಿನಿಂದ ಅವಳತ್ತ ನೋಡಿದರು. "ಆ ಗೋಡೆ ಹತ್ತಲು ಬರುವುದಿಲ್ಲ. ಇಪ್ಪತ್ತನೆಯ ಪುಟದಲ್ಲೇ ಹೇಳಿದ್ದೇನೆ."

"ದಾಳ ಹಾಕಬಹುದಾ?"

"ಯಾಕೆ ಹಾಕಬೇಕು? ಹತ್ತಲು ಬರುವುದಿಲ್ಲವಲ್ಲ."

ಅವಳು ಸೋಫಾಕ್ಕೆ ಒರಗಿದಳು. ಎಚ್ಚರವಾದಾಗ ಮುತ್ತಜ್ಜ ಸತ್ತಿದ್ದ, ಅಜ್ಜನಿಗೆ ಮದುವೆಯಾಗುತ್ತಿತ್ತು. ಅವಳು ನಿದ್ದೆ ಮಾಡಿದ್ದು ಯಾರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ಇನ್ನಿಬ್ಬರು ಇನ್ನೂ ನಿದ್ದೆಯಲ್ಲಿದ್ದರು.

ಇವೆರಡನ್ನೂ ಅವಳು ವೈಲೆಟ್‌ಗೆ ನಗುತ್ತಾ ಹೇಳಿಕೊಂಡಳು. ಮೂರನೆಯದನ್ನು ಮಾತ್ರ ಹೇಳಲಿಲ್ಲ.

ಮೂರನೆಯ ಗುಂಪಿನವರು ಎಳೆಯರು. ಒಂದು ಮಾಲಿನ ಕಾಫಿ ಅಂಗಡಿಯಲ್ಲಿ ಕೂಡುತ್ತಿದ್ದರು. ಕತೆ ನಡೆಸುವವನು ಸುಕೇಶ್, ಚುರುಕು ಹುಡುಗ. ಅವಳನ್ನು "ಆಂಟಿ" ಎನ್ನುತ್ತಿದ್ದರು, ಆದರೆ ಆಟಕ್ಕೆ ಬಿಟ್ಟರು. ಮೂರು ತಿಂಗಳು ಮುಂಗುಸಿ ಮನಸಾರೆ ಕದ್ದಳು. ಜೂಲಿಯಾನಾ ವಾರವಿಡೀ ಬೆಡ್‌ಪ್ಯಾನು, ಪ್ಲಾಸ್ಟರುಗಳ ನಡುವೆ ಓಡಾಡುವಾಗಲೂ ಶುಕ್ರವಾರದ ಗೋಡೆಗಳ ಎತ್ತರ ಲೆಕ್ಕ ಹಾಕುತ್ತಿದ್ದಳು. ಆಮೇಲೆ ಡ್ಯೂಟಿ ಬದಲಾಗಿ ಎರಡು ಶುಕ್ರವಾರ ತಪ್ಪಿತು. ಮೂರನೆಯದಕ್ಕೆ ಹೋದಾಗ ಅವಳ ಕುರ್ಚಿಯ ಮುಂದೆ ಮುಂಗುಸಿಯ ವಿವರ ಬರೆದಿಟ್ಟ ಹಾಳೆ ಇರಲಿಲ್ಲ.

"ಸತ್ತು ಹೋದ್ಲು ಆಂಟಿ," ಎಂದ ಸುಕೇಶ್, ಫೋನ್ ನೋಡುತ್ತಾ. "ಒಂದು ದಾರಿಯಲ್ಲಿ ಕಲ್ಲು ತುಳಿದರೆ ಬಾಣ ಬರ್ತಿತ್ತು. ಯಾರಾದರೂ ಮೊದಲು ಹೋಗಬೇಕಿತ್ತು. ನೀವು ಇರಲಿಲ್ಲ ಅಲ್ವಾ? ಟೆನ್ಷನ್ ಬೇಡ, ಹೊಸದೊಂದು ಮಾಡಿಕೊಳ್ಳಿ, ಐದು ನಿಮಿಷ ಸಾಕು."

ಅವಳು ನಕ್ಕಳು. ಏನೂ ಆಗಲಿಲ್ಲವೆಂಬಂತೆ ಎಲ್ಲರಿಗೂ ಕಾಫಿ ತರಿಸಿ, ಗಡಿಯಾರ ನೋಡಿ, ಕೆಲಸ ಇದೆ ಎಂದು ಹೊರಟಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಾಗ ಕಣ್ಣು ತುಂಬಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಒಂದು ಕಾಗದದ ಮೇಲಿನ ಹೆಣ್ಣಿಗೆ ಯಾರಾದರೂ ಅಳುತ್ತಾರಾ? ಆದರೆ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಅವಳು ಒಂದು ದಿನವೂ, ಒಬ್ಬ ರೋಗಿಯನ್ನೂ, ಮುಂದಿನ ನರ್ಸಿನ ಕೈಗೆ ಒಪ್ಪಿಸದೆ ವಾರ್ಡು ಬಿಟ್ಟವಳಲ್ಲ. ಕಾಲಿನ ಉಗುರು ಮುರಿದದ್ದನ್ನೂ ಹೇಳಿ ಹೋಗುತ್ತಿದ್ದಳು. ತಾನಿಲ್ಲದಾಗ ತನ್ನದನ್ನು ಯಾರೂ ಹಾಗೆ ನೋಡಿಕೊಳ್ಳಲಿಲ್ಲ, ಅಷ್ಟೇ. ಹಸಿರು ದಾಳ ಯೂನಿಫಾರ್ಮಿನ ಜೇಬಿನಲ್ಲೇ ಉಳಿಯಿತು, ಪೆನ್ನು, ಕತ್ತರಿಗಳ ನಡುವೆ, ಆಟಕ್ಕಲ್ಲ.

ಅದನ್ನು ಕಂಡದ್ದು ಅಮರೇಶ. ಆಸ್ಪತ್ರೆಯ ಯಂತ್ರಗಳ ರಿಪೇರಿಗೆ ಬರುತ್ತಿದ್ದ ಟೆಕ್ನಿಷಿಯನ್, ಲಿಂಗಸುಗೂರಿನವನು. ಮಾನಿಟರಿನ ಹಿಂಬದಿ ಬಿಚ್ಚಿ ಕುಳಿತಿದ್ದವನಿಗೆ ಅವಳು ಕತ್ತರಿ ಕೊಡಲು ಜೇಬಿಗೆ ಕೈ ಹಾಕಿದಾಗ ದಾಳ ನೆಲಕ್ಕೆ ಬಿದ್ದು ಉರುಳಿತು.

"ಅಕ್ಕಾರ!" ಅಮರೇಶನ ಕಣ್ಣು ಅರಳಿತು. "ಇದು ಇಪ್ಪತ್ತು ಮುಖದ್ದಲ್ಲೇನ್ರಿ? ನೀವು ಆಡ್ತೀರೇನು?"

"ಆಡುತ್ತಿದ್ದೆ. ಬಿಟ್ಟೆ."

"ಯಾಕ್ರಿ? ನಾವು ಬ್ನೇದ್ ಅಲ್ ಗಾರ್‌ನ್ಯಾಗ ನಮ್ಮ ಮನ್ಯಾಗ ಆಡ್ತೀವ್ರಿ. ನನ್ನ ಹೆಂಡ್ತಿ ಸಾಕ್ಷಿ ಕತಿ ನಡಸ್ತಾಳ. ಒಬ್ಬರು ಕಡಿಮಿ ಅದಾರ."

ಜೂಲಿಯಾನಾ ದಾಳವನ್ನು ಎತ್ತಿಕೊಂಡು ಒರೆಸಿದಳು. "ನಾನು ಗಾಯ ವಾಸಿ ಮಾಡುವುದಿಲ್ಲ."

"ಬ್ಯಾಡ ಬಿಡ್ರಿ. ಅದಕ್ಕ ನಮ್ಮ ಬಾಳಾಸಾಹೇಬರು ಅದಾರ."

ಬಾಳಾಸಾಹೇಬರು ಐವತ್ತೆಂಟರ ವೆಲ್ಡಿಂಗ್ ಫೋರ್‌ಮನ್. ದಪ್ಪ ಮೀಸೆ, ಮುಂಗೈ ತುಂಬ ಕಿಡಿ ಸಿಡಿದ ಸಣ್ಣ ಸಣ್ಣ ಕಲೆ. ಆಟದಲ್ಲಿ ಅವರು ವೈದ್ಯ. ಮೂವತ್ತು ವರ್ಷ ಕಬ್ಬಿಣ ಕೂಡಿಸಿದ್ದೀನಿ, ಒಮ್ಮೆ ಮನುಷ್ಯರನ್ನು ಕೂಡಿಸಿ ನೋಡೋಣ ಎಂಬುದು ಅವರ ಆಸೆ. ಮೊದಲ ಶುಕ್ರವಾರವೇ ಅಮರೇಶನ ಸೈನಿಕನಿಗೆ ತೊಡೆಯ ಮೇಲೆ ಕತ್ತಿಯ ಏಟು ಬಿತ್ತು. ಬಾಳಾಸಾಹೇಬರು ತೋಳು ಏರಿಸಿದರು.

"ಮೊದಲಿಗೆ ಗಾಯದ ಅಂಚು ಗ್ರೈಂಡಿಂಗ್ ಮಾಡ್ತೀನಿ. ಹೊಲಸು ಇರಬಾರದು ನೋಡ್ರಿ. ಆಮ್ಯಾಲ ಒಂದು ಲೈನ್ ಹಾಕಿ, ಆರಾಕ ಬಿಟ್ಟು, ಮ್ಯಾಲೆ ಇನ್ನೊಂದು ಲೈನ್."

"ಕಾಕಾ, ಅದು ನನ್ನ ತೊಡಿ!" ಎಂದು ಅಮರೇಶ ಕೂಗಿದ.

ಜೂಲಿಯಾನಾ ತುಟಿ ಕಚ್ಚಿ ಕುಳಿತಳು. ಹೇಳಬಾರದು, ಹೇಳಬಾರದು, ಇಲ್ಲಿ ನಾನು ನರ್ಸಲ್ಲ. ದಾಳದಲ್ಲಿ ಹತ್ತೊಂಬತ್ತು ಬಿತ್ತು. ತೊಡೆ ಮೊದಲಿಗಿಂತ ಗಟ್ಟಿಯಾಯಿತು ಎಂದು ಸಾಕ್ಷಿ ತೀರ್ಪು ಕೊಟ್ಟಳು. ಬಾಳಾಸಾಹೇಬರು ಅಷ್ಟು ಸಂತೋಷಪಟ್ಟದ್ದನ್ನು ಕಂಡು ಅವಳಿಗೆ ಬಾಯಿ ಮುಚ್ಚಿದ್ದು ಸಾರ್ಥಕವೆನಿಸಿತು. ಮತ್ತೊಂದು ಸಂಗತಿಯನ್ನೂ ಅವಳು ಗಮನಿಸಿದಳು. ಚಹಾದ ಹೊತ್ತಿನಲ್ಲಿ ಬಾಳಾಸಾಹೇಬರು ಸೊಂಟ ಹಿಡಿದು ಎದ್ದರು, ಅವಳ ಕಡೆ ನೋಡಿದರು, ಏನೋ ಕೇಳಲು ಬಾಯಿ ತೆರೆದವರು ಸುಮ್ಮನೆ ಅಡುಗೆಮನೆಗೆ ಹೋದರು.

ಅಂದು ಆಟಕ್ಕೆ ಮೊದಲು ಸಾಕ್ಷಿ ಖಾಲಿ ಹಾಳೆ ಮುಂದಿಟ್ಟು, "ನಿಮ್ಮ ಪಾತ್ರದ ಹೆಸರು ಏನ್ರಿ ಅಕ್ಕಾ?" ಎಂದು ಕೇಳಿದ್ದಳು. ಸಾಕ್ಷಿ ಮೂವತ್ತರ ಹೆಣ್ಣು, ನಿಧಾನ ಮಾತು, ನೇರ ನೋಟ.

"ಮುಂಗುಸಿ ಅಂತ ಇದ್ದಳು," ಎಂದಿದ್ದಳು ಜೂಲಿಯಾನಾ. "ಬೇರೆ ಗುಂಪಿನಲ್ಲಿ ಸತ್ತು ಹೋದಳು. ನಾನು ಇಲ್ಲದಾಗ."

ಸಾಕ್ಷಿ ಒಂದು ಕ್ಷಣ ಅವಳ ಮುಖ ನೋಡಿ, ಹಾಳೆಯ ನೆತ್ತಿಯಲ್ಲಿ ದೊಡ್ಡದಾಗಿ ಮುಂಗುಸಿ ಎಂದು ಬರೆದಳು. "ಆ ಮನ್ಯಾಗಿನ ಸಾವಿಗೆ ನಮ್ಮ ಮನ್ಯಾಗ ಸೂತಕ ಇಲ್ರಿ. ವಯಸ್ಸು ಎಷ್ಟು ಅಂತ ಬರೀಲಿ?"

ನಾಲ್ಕು ತಿಂಗಳು ಹೀಗೆ ಸೊಗಸಾಗಿ ಹೋಯಿತು. ಸಮುದ್ರರಾಜನ ಕಲ್ಲಿನ ಗೋಪುರ, ಅದರ ನೆತ್ತಿಯಲ್ಲಿ ಮುತ್ತಿನ ಪೆಟ್ಟಿಗೆ. ಸೈನಿಕ, ವೈದ್ಯ, ಕಳ್ಳಿ ಮೂವರೂ ಒಳಗೆ ಹೋಗುವ ದಾರಿಯನ್ನು ವಾರಗಟ್ಟಲೆ ಹುಡುಕಿ, ಕೊನೆಗೆ ಮುಂಗುಸಿ ಹಗ್ಗ ಹಿಡಿದು ಗೋಪುರದ ಕಿಟಕಿಯವರೆಗೆ ಏರಿದಳು. ಆಟ ಅಲ್ಲಿಗೆ ನಿಂತಿತು, ಮುಂಗುಸಿ ಹಗ್ಗದ ಮೇಲೆಯೇ ಇದ್ದಳು.

ಮರುದಿನ ಊರಿನಿಂದ ವೈಲೆಟ್‌ಗೆ ಫೋನ್ ಬಂತು. ಅಮ್ಮ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ವೈಲೆಟ್ ಸಂಜೆಯ ವಿಮಾನಕ್ಕೆ ಹೊರಟಳು. ಅವಳ ಪೆಟ್ಟಿಗೆ ಕಟ್ಟಿಕೊಟ್ಟವಳು ಜೂಲಿಯಾನಾ. "ನಿನ್ನ ಡ್ಯೂಟಿ ನಾನು ನೋಡಿಕೊಳ್ಳುತ್ತೇನೆ, ನೀನು ಅಮ್ಮನನ್ನು ನೋಡು," ಎಂದವಳೂ ಜೂಲಿಯಾನಾ. ವೈಲೆಟ್‌ಳ ಡ್ಯೂಟಿಗಳಲ್ಲಿ ಮೂರು ಶುಕ್ರವಾರ ಇದ್ದವು.

ಮೂರು! ಹಿಂದೆ ಎರಡಕ್ಕೇ ಮುಂಗುಸಿ ಸತ್ತಿದ್ದಳು, ಈಗ ಹಗ್ಗದ ಮೇಲೆ ನೇತಾಡುತ್ತಿದ್ದಾಳೆ. ಈ ಸಲವೂ ಹಾಗೇ ಆದರೆ ಮತ್ತೆ ಯಾವ ಮೇಜಿನ ಮುಂದೆಯೂ ಕೂರುವ ಮನಸ್ಸು ತನಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನನ್ನವಳನ್ನು ಕೊಲ್ಲಬೇಡಿ ಎಂದು ಕೇಳುವುದು ಹೇಗೆ? ನಲವತ್ತೇಳು ವರ್ಷದ ಹೆಂಗಸು! ಕೇಳಲು ನಾಚಿಕೆ, ಸುಮ್ಮನಿರಲು ಭಯ. ಕೊನೆಗೆ ಅವಳು ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದಳು. ಡ್ಯೂಟಿ ಬದಲಾಗುವಾಗ ರೋಗಿಯನ್ನು ಒಪ್ಪಿಸುವ ಹಾಳೆಯೊಂದನ್ನು ತೆಗೆದುಕೊಂಡು, ನರ್ಸುಗಳ ಮೇಜಿನ ಬಳಿ ನಿಂತೇ, ಕನ್ನಡದಲ್ಲಿ ಬರೆದಳು.

ಹೆಸರು: ಮುಂಗುಸಿ. ವಯಸ್ಸು: ಇಪ್ಪತ್ತೆರಡು, ತಾನೇ ಹೇಳಿದ್ದು. ಸ್ಥಿತಿ: ಎಚ್ಚರವಿದ್ದಾಳೆ, ಮಾತಾಡುತ್ತಾಳೆ, ಸ್ವಲ್ಪ ಜಾಸ್ತಿಯೇ. ಈಗ ಇರುವುದು: ಗೋಪುರದ ಹಗ್ಗದ ಮೇಲೆ, ಕಿಟಕಿಗೆ ಎರಡು ಮೊಳ ಕೆಳಗೆ. ಬೀಗ ಕಂಡರೆ ಕೈ ಸುಮ್ಮನಿರುವುದಿಲ್ಲ. ಬಡವರ ಮನೆಯಲ್ಲಿ ಕದಿಯುವುದಿಲ್ಲ. ಕತ್ತಲೆಗೆ ಹೆದರುವುದಿಲ್ಲ. ಒಬ್ಬಳೇ ಬಿಟ್ಟರೆ ಹೆದರುತ್ತಾಳೆ, ಆದರೆ ತೋರಿಸಿಕೊಳ್ಳುವುದಿಲ್ಲ.

ಅಷ್ಟರಲ್ಲಿ ಹನ್ನೆರಡನೆಯ ಹಾಸಿಗೆಯ ಗಂಟೆ ಬಡಿಯಿತು. ಜೂಲಿಯಾನಾ ಆ ಕಡೆ ತಿರುಗಿ "ಬಂದೆ, ಬಂದೆ" ಎನ್ನುತ್ತಿದ್ದಾಗ ಅವಳ ಕೈ ತನ್ನ ಪಾಡಿಗೆ, ಹತ್ತೊಂಬತ್ತು ವರ್ಷ ಪ್ರತಿ ಹಾಳೆಯ ಕೊನೆಗೂ ಬರೆಯುತ್ತಿದ್ದ ಎರಡು ಸಾಲುಗಳನ್ನು ಬರೆದು ಮುಗಿಸಿತು. ಬೀಳುವ ಅಪಾಯ ಇದೆ, ನಡೆಸಬಾರದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕೆಳಗೆ ಸಹಿಯನ್ನೂ ಹಾಕಿತು. ಅವಳು ಹಾಳೆ ಮಡಚಿ ಇಟ್ಟು ಓಡಿದಳು; ತಿರುಗಿ ಓದಲಿಲ್ಲ.

ಸಂಜೆ ಅಮರೇಶ ಬಂದಾಗ ಕೈಗೆ ಕೊಟ್ಟಳು. "ಬಾಳಾಸಾಹೇಬರಿಗೆ ಕೊಡಿ. ನಾನು ಬರುವವರೆಗೆ ಅವರು ನೋಡಿಕೊಂಡರೆ..." ಎಂದು ಅರ್ಧಕ್ಕೇ ನಿಲ್ಲಿಸಿದಳು.

ಎರಡನೆಯ ಶುಕ್ರವಾರ ಕಳೆದ ಮೇಲೆ ಅಮರೇಶ ಮತ್ತೆ ಕಾರಿಡಾರಿನಲ್ಲಿ ಸಿಕ್ಕಿದ. ಆಟದ ಮಾತು ಮೇಜು ಬಿಟ್ಟು ಹೊರಗೆ ಬರಬಾರದೆಂಬುದು ಸಾಕ್ಷಿಯ ನಿಯಮ. ಆದರೂ ಜೂಲಿಯಾನಾ ಔಷಧದ ಗಾಡಿ ನಿಲ್ಲಿಸಿ ಮೆಲ್ಲಗೆ ಕೇಳಿದಳು. "ಮುಂಗುಸಿ ಹೇಗಿದ್ದಾಳೆ ಅಮರೇಶ?"

ಅಮರೇಶ ಆಚೆ ಈಚೆ ನೋಡಿದ. ಮುಖ ಗಂಭೀರವಾಯಿತು. "ಅಕ್ಕಾರ, ಅದನ್ನ ನಾನು ಹೇಳಂಗಿಲ್ರಿ. ಭಾಳ ಕಷ್ಟ ಆಗೇತಿ, ಅಷ್ಟು ಹೇಳ್ತೀನಿ," ಎಂದವನು ಸ್ಕ್ರೂಡ್ರೈವರ್ ಹಿಡಿದು ಹೊರಟೇಬಿಟ್ಟ. ಆ ವಾರವಿಡೀ ಜೂಲಿಯಾನಾ ತನಗೆ ತಾನೇ ಹೇಳಿಕೊಂಡಳು: ಕಾಗದದ ಹೆಣ್ಣು, ಕಾಗದದ ಹೆಣ್ಣು.

ನಾಲ್ಕನೆಯ ಶುಕ್ರವಾರ ಅವಳ ಕೆಲಸ ಮೂರು ಗಂಟೆಗೆ ಮುಗಿಯಬೇಕಿತ್ತು. ಊಟಕ್ಕೆ ಕೂರಬೇಕು ಎನ್ನುವಾಗ ಅಪಘಾತದ ಕೇಸೊಂದು ಬಂತು. ಅದು ಮುಗಿದಾಗ ಮೂರೂ ಮುಕ್ಕಾಲು. ಡಬ್ಬಿಯನ್ನು ತೆರೆಯದೆ ಫ್ರಿಜ್ಜಿನಲ್ಲೇ ಬಿಟ್ಟು, ಬಟ್ಟೆ ಬದಲಾಯಿಸಿ ಟ್ಯಾಕ್ಸಿ ಹಿಡಿದಳು. ಬ್ನೇದ್ ಅಲ್ ಗಾರ್‌ನ ಫ್ಲಾಟಿನ ಬಾಗಿಲು ತೆರೆದೇ ಇತ್ತು. ಮೂವರೂ ಮೇಜಿನ ಸುತ್ತ ಕುಳಿತಿದ್ದರು. ಅವಳ ಕುರ್ಚಿಯ ಮುಂದೆ ಹಾಳೆ ಇರಲಿಲ್ಲ.

ಚೀಲವನ್ನು ಹೆಗಲಿನಿಂದ ಇಳಿಸದೆಯೇ ಅಲ್ಲೇ ನಿಂತಳು.

"ಬರ್ರಿ ಬಾಯಾರ, ಕುಂದರ್ರಿ," ಎಂದರು ಬಾಳಾಸಾಹೇಬರು. ಅವರ ಮುಂದೆ ಒಂದು ಪ್ಲಾಸ್ಟಿಕ್ ಫೈಲು ಇತ್ತು. ಅದರೊಳಗಿಂದ ಮುಂಗುಸಿಯ ಹಾಳೆಯನ್ನೂ ಅವಳು ಬರೆದು ಕೊಟ್ಟ ಕಾಗದವನ್ನೂ ತೆಗೆದರು. ಓದುವ ಕನ್ನಡಕ ಹಾಕಿಕೊಂಡು, ಕಾಗದವನ್ನು ಬೆನ್ನಿಗೆ ತಿರುಗಿಸಿದರು. ಅಲ್ಲಿ ದುಂಡನೆಯ ದೊಡ್ಡ ಅಕ್ಷರಗಳಲ್ಲಿ ಅವರೇ ಬರೆದದ್ದು ಇತ್ತು.

"ಮೊದಲನೇ ಶುಕ್ರವಾರ," ಎಂದು ಗಂಟಲು ಸರಿಮಾಡಿಕೊಂಡು ಓದಿದರು. "ನಾವಿಬ್ಬರೂ ಹಿಂದ ಹತ್ತಿ, ಪೇಷಂಟ್‌ನ ಹಗ್ಗದ ಮ್ಯಾಲಿಂದ ಕಿಟಕಿ ಒಳಗ ತಗೊಂಡ್ವಿ. ನಡಸಬಾರದು ಅಂತ ಇತ್ತು. ಅದಕ್ಕ ದೋಣಿ ಹೊಡಿಯೋ ಎರಡು ಹುಟ್ಟು, ಒಂದು ಹಾಯಿ ಬಟ್ಟಿ ಹುಡುಕಿ ಸ್ಟ್ರೆಚರ್ ಕಟ್ಟಿದ್ವಿ."

"ಸ್ಟ್ರೆಚರ್?" ಎಂದಳು ಜೂಲಿಯಾನಾ.

"ಹೌದ್ರಿ ಅಕ್ಕಾರ," ಎಂದ ಅಮರೇಶ, ಹೆಗಲು ಉಜ್ಜಿಕೊಳ್ಳುತ್ತಾ. "ಮೂರು ವಾರ ಹೊತ್ತೀವಿ."

"ನಡುವ ಬಾಯಿ ಹಾಕಬ್ಯಾಡೋ. ಎರಡನೇ ಶುಕ್ರವಾರ. ಎರಡು ತಾಸಿಗೊಮ್ಮೆ ಮಗ್ಗಲಾ ಬದ್ಲಿ ಮಾಡಿದ್ವಿ. ಒಮ್ಮೆ ಸಮುದ್ರರಾಜನ ಕಾವಲಿನವರು ಬೆನ್ನ ಹತ್ತಿದ್ದರು. ಆದ್ರೂ ನಿಲ್ಲಿಸಿ ಬದ್ಲಿ ಮಾಡಿದ್ವಿ."

"ಹದಿನೆಂಟು ಮಂದಿ ಕಾವಲುಗಾರರು ಅಕ್ಕಾ," ಎಂದಳು ಸಾಕ್ಷಿ. "ಈಟಿ ಹಿಡಕೊಂಡು ಓಡಿ ಬರಾಕತ್ತಾರ, ಕಾಕಾ 'ತಡೀವಾ, ಎರಡು ತಾಸ್ ಆತು' ಅಂತಾರ. ನಾನರ ಏನ್ ಮಾಡಲಿ? ರೋಗಿ ಅಂತ ಕಾವಲುಗಾರರೂ ನಿಂತರು."

ಜೂಲಿಯಾನಾ ಕಾಗದವನ್ನು ಕೈಗೆ ತೆಗೆದುಕೊಂಡು ಮುಂಬದಿ ನೋಡಿದಳು. ತನ್ನದೇ ಅಕ್ಷರ. ಕೊನೆಯ ಎರಡು ಸಾಲು. ಅವಳ ಕೈ ಬಾಯಿಗೆ ಹೋಯಿತು.

"ಮುತ್ತಿನ ಪೆಟ್ಟಿಗೆ?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

ಅಮರೇಶ ಉಸಿರು ಬಿಟ್ಟ. "ಕಣ್ಣ ಮುಂದ ಇತ್ರಿ. ನಮಗಿಬ್ಬರಿಗೂ ಕೂಡಿ ನಾಲ್ಕು ಕೈ, ಸ್ಟ್ರೆಚರಿಗೂ ನಾಲ್ಕು ಹಿಡಿ. ಬಿಟ್ಟು ಬಂದ್ವಿ."

ನಾಲ್ಕು ತಿಂಗಳ ದುಡಿಮೆಯ ಮುತ್ತಿನ ಪೆಟ್ಟಿಗೆ! ಜೂಲಿಯಾನಾಳಿಗೆ ಮೊದಲು ಬಂದದ್ದು ನಗು. ಹೊಟ್ಟೆಯೊಳಗಿಂದ ಎದ್ದ ನಗು ಹೆಗಲನ್ನೆಲ್ಲ ಕುಲುಕಿಸಿ, ಕಣ್ಣಿನಲ್ಲಿ ನೀರಾಗಿ ಇಳಿಯಿತು. ಮೇಜಿಗೆ ಹಣೆ ಹಚ್ಚಿ ನಕ್ಕಳು. ತಲೆ ಎತ್ತಿ, ಒರೆಸಿಕೊಂಡು, ಆ ಎರಡು ಸಾಲು ತನ್ನ ಕೈಯ ಅಭ್ಯಾಸ, ಮೂಳೆ ಮುರಿದವರಿಗೆಲ್ಲ ಬರೆಯುವುದು, ಮುಂಗುಸಿಗೆ ಏನೂ ಆಗಿರಲಿಲ್ಲ ಎಂದು ತಪ್ಪೊಪ್ಪಿಕೊಂಡಳು.

"ಹಂಗಾರ ಅಕಿ ನಡೀಬಹುದಿತ್ತೇನ್ರಿ?" ಎಂದ ಅಮರೇಶ, ನಂಬಲಾಗದೆ.

"ಓಡಬಹುದಿತ್ತು ಮಾರಾಯ."

"ಕಾಕಾ, ನಾ ಹೇಳಲಿಲ್ಲೇನು? ಕಳ್ಳಿ ಯಾಕ ಮಲಗ್ಯಾಳ ಅಂತ ಕೇಳಲಿಲ್ಲೇನು?"

ಬಾಳಾಸಾಹೇಬರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಕಾಗದವನ್ನು ಬೆರಳಿನಿಂದ ತಟ್ಟಿದರು. "ಬಾಯಾರು ಬರ್ದಿದ್ರು, ಸಹಿ ಹಾಕಿದ್ರು. ನಾನು ಚಾರ್ಜ್ ತಗೊಂಡೆ. ಸೈಟಿನ್ಯಾಗ ಹಿಂದಿನ ಪಾಳಿಯವ ಬರ್ದಿಟ್ಟದ್ದನ್ನ 'ಇದೇನ್ ಮಹಾ' ಅಂತ ಬಿಟ್ಟು ನಡದ್ರ ಮನಷಾ ಸಾಯ್ತಾನ. ನಾನು ನೋಡೀನಿ. ಮುತ್ತು ಎಲ್ಲಿ ಹೋಗ್ತಾವೋ? ಅಲ್ಲೇ ಇರ್ತಾವ." ಮತ್ತೆ ಕನ್ನಡಕ ಸರಿಮಾಡಿಕೊಂಡು ಕೊನೆಯ ಸಾಲು ಓದಿದರು. "ಮೂರನೇ ಶುಕ್ರವಾರ. ಗೋಪುರದಿಂದ ಕೆಳಗ ತಂದ್ವಿ. ಪೇಷಂಟ್ ಜೀವಂತ, ಮೈಮ್ಯಾಲ ಗಾಯ ಇಲ್ಲ. ಒಂದು ಗಳಿಗಿನೂ ಒಬ್ಬಾಕಿನ್ನೇ ಬಿಟ್ಟಿಲ್ಲ."

ಅವರು ಪೆನ್ನು ಮುಂದೆ ಹಿಡಿದರು. "ಇಲ್ಲಿ ಸಹಿ ಮಾಡ್ರಿ. ಚಾರ್ಜ್ ವಾಪಸ್."

ಜೂಲಿಯಾನಾಳಿಗೆ ಸಹಿ ಮಾಡಲು ತಡವಾಯಿತು, ಅಕ್ಷರಗಳು ಸರಿಯಾಗಿ ಕಾಣುತ್ತಿರಲಿಲ್ಲ. ಸಾವಿರಾರು ಹಾಳೆಗಳಿಗೆ ಅವಳು ಸಹಿ ಹಾಕಿದ್ದಳು, ಬೇರೆಯವರ ತಾಯಿ, ಬೇರೆಯವರ ಮಕ್ಕಳು. ತನ್ನವಳೊಬ್ಬಳನ್ನು ಯಾರೋ ಹೀಗೆ ಅಚ್ಚುಕಟ್ಟಾಗಿ ನೋಡಿಕೊಂಡು ವಾಪಸು ಕೊಟ್ಟದ್ದು ಇದೇ ಮೊದಲು. ಮೂವರೂ ಎಲ್ಲೆಲ್ಲೋ ನೋಡಿದರು; ಸಾಕ್ಷಿ ಸುಮ್ಮನೆ ಪೆನ್ಸಿಲ್ ಕೆತ್ತಿದಳು.

"ಆತು," ಎಂದಳು ಸಾಕ್ಷಿ. "ಗೋಪುರದ ಬುಡದಾಗ ಅದೀರಿ. ಸೂರ್ಯ ಇನ್ನೂ ಮುಳುಗಿಲ್ಲ. ಕಾವಲುಗಾರರು ಊಟಕ್ಕ ಹೋಗ್ಯಾರ. ಮುಂಗುಸಿ ಏನ್ ಮಾಡ್ತಾಳ?"

"ಮುಂಗುಸಿ ಸ್ಟ್ರೆಚರಿನಿಂದ ಎದ್ದು ಕುಳಿತುಕೊಳ್ಳುತ್ತಾಳೆ," ಎಂದಳು ಜೂಲಿಯಾನಾ.

"ಎದ್ಲು ನೋಡು! ಎದ್ಲು!" ಅಮರೇಶ ಮೇಜು ಗುದ್ದಿದ.

"ಇಬ್ಬರಿಗೂ ಕೈ ಮುಗಿಯುತ್ತಾಳೆ. ಆಮೇಲೆ ಹಗ್ಗ ತೆಗೆದುಕೊಂಡು ಮತ್ತೆ ಗೋಡೆ ಹತ್ತುತ್ತಾಳೆ. ಪೆಟ್ಟಿಗೆ ತರುವುದಕ್ಕೆ. ಈ ಸಲ ನೀವು ಕೆಳಗೆ ನಿಂತರೆ ಸಾಕು."

ದಾಳ ಉರುಳಿತು. ಹದಿನೇಳು. ಅಮರೇಶ ಕೂಗಿದ, ಸಾಕ್ಷಿ ಗೋಡೆಯ ಕಲ್ಲುಗಳು ಹೇಗೆ ಒದ್ದೆಯಾಗಿವೆ ಎಂದು ಹೇಳತೊಡಗಿದಳು. ಜೂಲಿಯಾನಾ ಮೂರನೆಯ ಸಲ ನೀರಿನ ಲೋಟಕ್ಕೆ ಕೈ ಚಾಚಿದಳು. ಬೆರಳು ಸಣ್ಣಗೆ ನಡುಗುತ್ತಿತ್ತು. ಬೆಳಿಗ್ಗೆ ಆರರ ಚಹಾದ ಮೇಲೆ ತಾನು ಏನೂ ತಿಂದಿಲ್ಲ ಎಂಬುದು ಅವಳಿಗೆ ಆಗ ನೆನಪಾಯಿತು, ಆದರೆ ಆಟದ ನಡುವೆ ಯಾರು ಏಳುತ್ತಾರೆ? ಮುಂಗುಸಿ ಅರ್ಧ ಗೋಡೆ ಹತ್ತಿದ್ದಳು.

ಬಾಳಾಸಾಹೇಬರು ಆ ಬೆರಳುಗಳನ್ನು ನೋಡಿದ್ದರು. ಸೊಂಟ ಹಿಡಿದುಕೊಂಡು ಎದ್ದು ಒಳಗೆ ಹೋದರು. ತವಾ ಕಾಯುವ ಸದ್ದು, ಡಬ್ಬಿಯ ಮುಚ್ಚಳದ ಸದ್ದು. ಸಾಕ್ಷಿ ಕತೆಯನ್ನು ನಿಲ್ಲಿಸಲಿಲ್ಲ, ದನಿಯನ್ನು ಮಾತ್ರ ಸ್ವಲ್ಪ ತಗ್ಗಿಸಿದಳು. ಮುಂಗುಸಿ ಕಿಟಕಿಯ ಅಂಚಿಗೆ ಕೈ ಹಾಕುವಷ್ಟರಲ್ಲಿ ಅವರು ತಟ್ಟೆ ಹಿಡಿದು ಬಂದರು. ಎರಡು ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಪಕ್ಕದಲ್ಲಿ ಒಂದು ಹಸಿ ಈರುಳ್ಳಿ. ಕಾಗದಗಳನ್ನು ಮೊಣಕೈಯಿಂದ ಬದಿಗೆ ಸರಿಸಿ, ತಟ್ಟೆಯನ್ನು ಜೂಲಿಯಾನಾಳ ಕೈಗೆ ಕೊಟ್ಟು ತಮ್ಮ ಕುರ್ಚಿಗೆ ಮರಳಿದರು.